ಕವಿತೆ ಹೊತ್ತ ಕೊರಳುಗಳು

ಸಂಗೀತದಲ್ಲಿ ಆಸಕ್ತಿಯುಳ್ಳವನೆಂದು ಒಮ್ಮೆ ಹೆಸರಾಯಿತೆಂದರೆ ಮನುಷ್ಯನಿಗೆ ಬಿಡುಗಡೆಯೆಂಬುದಿಲ್ಲ. ಮದುವೆಯ ಮನೆಯಲ್ಲಿ, ಬಸ್ಸಿನಲ್ಲಿ, ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದೇ ಪ್ರಶ್ನೆ: "ನಿಮ್ಮ ಮೆಚ್ಚಿನ ಗಾಯಕರು ಯಾರು ಸ್ವಾಮಿ? ಹತ್ತು ಹಾಡು ಹೇಳಿ, ನೋಡೋಣ." ಹತ್ತೆಂಬ ಸಂಖ್ಯೆಗೆ ಈ ಪಾವಿತ್ರ್ಯ ಎಲ್ಲಿಂದ ಬಂದಿತೋ ನಾನರಿಯೆ. ಭೀಮಸೇನ ಜೋಶಿಯವರ ಹೆಸರೆತ್ತಿದರೆ ಮಲ್ಲಿಕಾರ್ಜುನ ಮನ್ಸೂರರ ಅಭಿಮಾನಿ ಮುಖ ತಿರುಗಿಸುತ್ತಾನೆ, ಪಿ. ಬಿ. ಶ್ರೀನಿವಾಸರೆಂದರೆ, 'ಪಾಪ, ಇವರಿಗೆ ಶಾಸ್ತ್ರೀಯ ಒಗ್ಗದು' ಎಂಬ ಅನುಕಂಪದ ನೋಟವೊಂದು ನಮ್ಮ ಮೇಲೆ ಬೀಳುತ್ತದೆ. ಆದಕಾರಣ ಪಟ್ಟಿಯ ಗೊಡವೆಯನ್ನು ಬಿಟ್ಟು, ಕನ್ನಡದ ಕವಿತೆಯನ್ನು ಹೊತ್ತು ತಂದು ನನ್ನ ಕಿವಿಗೆ ಮುಟ್ಟಿಸಿದ ಕೆಲವು ಕೊರಳುಗಳ ಮಾತನ್ನಷ್ಟೇ ಈ ವಾರ ಆಡುತ್ತೇನೆ.

ನಮ್ಮ ಹೊಳೆಹೊನ್ನೂರು ಭದ್ರೆಯ ದಂಡೆಯ ಊರು. ಹೊಳೆಯ ಮೇಲುಗಡೆ ಭದ್ರಾವತಿ. ಕಬ್ಬಿಣಕ್ಕೂ ಕಾಗದಕ್ಕೂ ಹೆಸರಾಗಿದ್ದ ಆ ಪಟ್ಟಣದಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾಯಿತು. ಅಂದಿನಿಂದ ಮಲೆನಾಡಿನ ಅಡುಗೆಮನೆಗಳಲ್ಲಿ ಭದ್ರಾವತಿಯೆಂದರೆ ಹಾಡು ಎಂದೂ ಅರ್ಥವಾಯಿತು. ಅತ್ತ ತುಂಗೆಯ ದಂಡೆಯಲ್ಲಿ ಮತ್ತೂರು, ಹೊಸಹಳ್ಳಿಗಳೆಂಬ ಜೋಡಿ ಗ್ರಾಮಗಳಿವೆ. ಸಂಕೇತಿಗಳು ನೆಲೆಸಿರುವ ಆ ಊರುಗಳಲ್ಲಿ ಗಮಕವೆಂಬ ಕಾವ್ಯವಾಚನ ಮನೆಮನೆಯ ವಿದ್ಯೆ. ತುಂಗೆ, ಭದ್ರೆಯರು ಕೂಡುವ ಕೂಡಲಿ ನಮಗೆ ಕೂಗಳತೆಯಲ್ಲದಿದ್ದರೂ ಬಹು ಸಮೀಪ. ಹೀಗಾಗಿ ಭಾವಗೀತೆ, ಗಮಕಗಳೆರಡೂ ನಮ್ಮ ಕಡೆಯವರ ಕಿವಿಗೆ ಹೊಸತಲ್ಲ.

ಮೊದಲು ನೆನಪಾಗುವವರು ಶಿವಮೊಗ್ಗ ಸುಬ್ಬಣ್ಣನವರು. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ ಇವರ ವೃತ್ತಿ ವಕೀಲಿಕೆ. ಕರಿಯ ಕೋಟಿನೊಳಗೆ ಇಂಥದೊಂದು ಕಂಠವಿದ್ದುದು ಕನ್ನಡಿಗರ ಭಾಗ್ಯವೆನ್ನಬೇಕು. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಹಾಡಿಗಾಗಿ ಅವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಸಂದಿತು. ಹಿನ್ನೆಲೆ ಗಾಯನದಲ್ಲಿ ಆ ಗೌರವ ಕನ್ನಡದ ಗಾಯಕರೊಬ್ಬರಿಗೆ ದೊರೆತುದು ಅದೇ ಮೊದಲು. ಅವರ ಕೊರಳಿನಲ್ಲಿ ನಾಜೂಕು ಕಡಮೆ, ನಿಜ. ಆದರೆ ಒಂದೊಂದು ಅಕ್ಷರವೂ ಕಲ್ಲಿನಲ್ಲಿ ಕೊರೆದಂತೆ ಕೇಳಿಸುವುದು. ಮಹಾಪ್ರಾಣ ಮಹಾಪ್ರಾಣವಾಗಿಯೇ ಉಳಿಯುವುದು. ಕನ್ನಡದ ಮೇಷ್ಟರಿಗೆ ಇದಕ್ಕಿಂತ ಹೆಚ್ಚಿನ ಸುಖ ಬೇರೇನಿದೆ?

ಇದೇ 1978ರಲ್ಲಿಯೇ ಬಂದುದು 'ನಿತ್ಯೋತ್ಸವ' ಧ್ವನಿಸುರುಳಿ. ಕವಿ ಕೆ. ಎಸ್. ನಿಸಾರ್ ಅಹಮದ್ ಅವರು ಭೂವಿಜ್ಞಾನದ ಅಧ್ಯಾಪಕರು; ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿಯೂ ಪಾಠ ಹೇಳಿದವರು. ರಾಗಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಅದರ ಖ್ಯಾತಿ. ಪಿ. ಕಾಳಿಂಗರಾಯರು ಸಭೆಗಳಲ್ಲಿ ಹಾಡಿ ಹಾಕಿದ ಮೇಲ್ಪಂಕ್ತಿ ಅಲ್ಲಿಂದ ಮುಂದೆ ಅಂಗಡಿಯಲ್ಲಿ ಕೊಂಡು ತರಬಹುದಾದ ವಸ್ತುವಾಯಿತು. ಜೋಗವನ್ನು ಕಾಣದವರೂ ಆ ಹಾಡಿನಿಂದ ಜೋಗವನ್ನು ಕಂಡರು.

ಅನಂತಸ್ವಾಮಿಯವರೋ ಸಿ. ಅಶ್ವತ್ಥರೋ ಎಂಬ ಜಗಳ ನಮ್ಮ ಮನೆಯಲ್ಲಿಯೇ ಉಂಟು. ಅಶ್ವತ್ಥರು ಶಿಶುನಾಳ ಶರೀಫರನ್ನು ನಾಡಿನ ಮೂಲೆ ಮೂಲೆಗೆ ಮುಟ್ಟಿಸಿದವರು; 1990ರ ಶರೀಫರ ಚಲನಚಿತ್ರಕ್ಕೆ ಸಂಗೀತ ನೀಡಿದವರು; 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ'ವೆಂದು ಜನಸಾಗರವನ್ನೇ ಸೇರಿಸಿದವರು. ಅವರ ಗಾಯನದಲ್ಲಿ ಕವಿತೆ ಎದ್ದು ನಿಂತು ನಮ್ಮ ಭುಜ ಹಿಡಿದು ಅಲುಗಿಸುತ್ತದೆ. ಅನಂತಸ್ವಾಮಿಯವರದು ಬೇರೆಯ ದಾರಿ: ರಾಗ ಕವಿತೆಯ ಹಿಂದೆ, ಎರಡು ಹೆಜ್ಜೆ ಅಂತರದಲ್ಲಿ, ವಿನಯದಿಂದ ನಡೆಯುತ್ತದೆ. ನನ್ನ ಮತ ಅನಂತಸ್ವಾಮಿಯವರಿಗೆ. ಮನೆಯವರ ಮತ ಅಶ್ವತ್ಥರಿಗೆ. ಹಬ್ಬದ ದಿನಗಳಲ್ಲಿ ಯಾರದು ಗೆಲ್ಲುತ್ತದೆಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ!

ಆದರೆ ಭಾವಗೀತೆಯ ವಿಷಯದಲ್ಲಿ ನನಗೊಂದು ಅಳುಕು ಬಹುಕಾಲದಿಂದಲೂ ಇದೆ. ಬೇಂದ್ರೆಯವರ 'ನಾದಲೀಲೆ'ಯಲ್ಲಿ, ಮಗುವಿನ ಸಾವಿನೆದುರು ಕುಳಿತ ಗಂಡ ಹೆಂಡತಿಗೆ, ಹಾಗೆ ತನ್ನನ್ನು ನೋಡಬೇಡವೆಂದು ಬೇಡುವ ಕವಿತೆಯೊಂದಿದೆ. ಯಾವುದೆಂದು ವಾಚಕರಿಗೆ ಹೇಳಬೇಕಾದುದಿಲ್ಲ. ತರಗತಿಯಲ್ಲಿ ಅದರ ಹೆಸರು ಹೇಳಿದೊಡನೆ ಹಿಂದಿನ ಬೆಂಚಿನಿಂದ ನಗೆ ಬರುತ್ತದೆ. ಧಾಟಿಯನ್ನು ಮೊದಲೇ ಬಲ್ಲ ಹುಡುಗರು ಅದನ್ನು ಪ್ರಣಯಗೀತೆಯೆಂದೇ ತಿಳಿದಿರುತ್ತಾರೆ. ಕವಿ ಯಾವ ಗಳಿಗೆಯಲ್ಲಿ ಇದನ್ನು ನುಡಿದರೆಂದು ಹೇಳಿದ ಮೇಲೆ ಕೊಠಡಿಯಲ್ಲಿ ಆವರಿಸುವ ಮೌನವಿದೆಯಲ್ಲ, ಆ ಮೌನ ಹಾಡಿನಿಂದಲೇ ಬರಬೇಕಾಗಿತ್ತು. ಪಲ್ಲವಿ ಮತ್ತೆ ಮತ್ತೆ ಮರಳುತ್ತದೆ, ನಡುವೆ ಕೊಳಲು ಬರುತ್ತದೆ, ತಬಲ ಬರುತ್ತದೆ. ಅಷ್ಟರಲ್ಲಿ ದುಃಖ ಮಧುರವಾಗಿ, ಮಾಧುರ್ಯ ಅಭ್ಯಾಸವಾಗಿಬಿಡುತ್ತದೆ.

ಗಮಕಿಗೆ ಈ ಅಪಾಯ ಕಡಮೆ. ಅವನ ಬಳಿ ತಾಳವಿಲ್ಲ, ಪಲ್ಲವಿಯಿಲ್ಲ, ಪಕ್ಕವಾದ್ಯಗಳ ಕೋಟೆಯೂ ಇಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುತ್ತವೆ. ಆರು ಸಾಲುಗಳಲ್ಲಿ ಮೂರನೆಯದೂ ಆರನೆಯದೂ ಉದ್ದ, ಅವುಗಳ ತುದಿಯಲ್ಲೊಂದು ಗುರು. ಲಯದ ಹಿಂದೆಯೇ ಓಡಿದರೆ ಪದಗಳು ಎಲ್ಲೆಂದರಲ್ಲಿ ತುಂಡಾಗುತ್ತವೆ, ಏಕೆಂದರೆ ಗಣ ಮುಗಿದಲ್ಲಿ ಪದ ಮುಗಿಯಬೇಕೆಂಬ ನಿಯಮವಿಲ್ಲ. ಗಮಕಿಯಾದವನು ಛಂದಸ್ಸನ್ನು ಕೆಡಿಸದೆಯೇ ಅರ್ಥ ನಿಂತಲ್ಲಿ ನಿಲ್ಲಬೇಕು, ಶೋಕಕ್ಕೆ ಮುಖಾರಿಯನ್ನೋ ರೌದ್ರಕ್ಕೆ ಅಠಾಣವನ್ನೋ ಸಂದರ್ಭ ನೋಡಿ ಆರಿಸಬೇಕು, ಆರಿಸಿದ ರಾಗ ತನ್ನ ಬೆಡಗಿನಿಂದ ಕವಿಯನ್ನು ಮರೆಸದಂತೆ ಕಾಯಬೇಕು. ಪಕ್ಕದಲ್ಲಿ ವ್ಯಾಖ್ಯಾನಕಾರರು ಬೇರೆ ಕುಳಿತಿರುತ್ತಾರೆ. ಗಮಕಿ ಒಂದು ಪದವನ್ನು ನುಂಗಿದರೂ ಸಭೆಗೆ ತಿಳಿದುಹೋಗುತ್ತದೆ.

ಈ ಕಲೆಯಲ್ಲಿ ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರದು ಹಿರಿಯ ಹೆಸರು. ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ದಶಕಗಳ ಕಾಲ ಓದಿ, ಶಿಷ್ಯರನ್ನು ತಿದ್ದಿ, 2022ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಸುಬ್ಬಣ್ಣನವರು ಹೋದುದು ಅದೇ 2022ರ ಆಗಸ್ಟಿನಲ್ಲಿ. ಒಂದೇ ಜಿಲ್ಲೆಯ ಎರಡು ಕೊರಳುಗಳು ನಾಲ್ಕೈದು ತಿಂಗಳ ಅಂತರದಲ್ಲಿ ಮೌನವಾದವು. ಪತ್ರಿಕೆಗಳು ಬರೆದವು, ಸಭೆಗಳು ಕೂಡಿದವು, ಎಲ್ಲವೂ ಸರಿಯೆ. ಆದರೆ ಎರಡು ನಷ್ಟಗಳೂ ಒಂದೇ ಬಗೆಯವಲ್ಲ. ಸುಬ್ಬಣ್ಣನವರ ಹಾಡನ್ನು ನಾಳೆ ಬೆಳಗ್ಗೆ ಕೈಯಲ್ಲಿನ ಫೋನಿನಲ್ಲಿಯೇ ಕೇಳಬಹುದು. ಅವರು ಹಾಡಿದಂತೆಯೇ ಅದು ಇರುತ್ತದೆ. ಗಮಕವನ್ನೂ ಮುದ್ರಿಸಿ ಇಡಬಹುದು, ಇಟ್ಟಿದ್ದಾರೆ ಕೂಡ. ಆದರೆ ಎದುರಿನ ಮುದುಕಿ ಕಣ್ಣೊರೆಸಿಕೊಂಡಳೆಂದು ಅದೇ ಪದ್ಯವನ್ನು ಇನ್ನೊಂದು ರಾಗದಲ್ಲಿ ಮತ್ತೊಮ್ಮೆ ಓದುವ ಔದಾರ್ಯ ಮುದ್ರಿಕೆಗೆ ಎಲ್ಲಿಂದ ಬರಬೇಕು? ಗಮಕ ಉಳಿಯುವುದೆಂದರೆ ಇನ್ನೊಬ್ಬರು ಕಲಿತು ಓದುವುದೆಂದೇ ಅರ್ಥ. ಭಾವಗೀತೆಯ ಸ್ಪರ್ಧೆಯೆಂದರೆ ಕಾಲೇಜುಗಳಲ್ಲಿ ಹುಡುಗಿಯರ ಸಾಲೇ ನಿಲ್ಲುತ್ತದೆ. ಗಮಕವೆಂದು ಫಲಕದಲ್ಲಿ ಬರೆದರೆ ಅದು ಯಾವ ವಾದ್ಯವೆಂದು ಕೇಳುವವರಿದ್ದಾರೆ.

ಹತ್ತು ಹಾಡು ಕೇಳಿದವರಿಗೆ ನಾನು ಒಂದನ್ನು ಮಾತ್ರ ಹೇಳುತ್ತೇನೆ, ಅದೂ ಹಾಡಲ್ಲ. ಗಮಕಿಗಳು ಸಿಕ್ಕಿದರೆ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ಬಳಿಗೆ ಕರೆದು ಅವನ ಹುಟ್ಟಿನ ಗುಟ್ಟನ್ನು ಬಿಚ್ಚುವ ಭಾಗವನ್ನು ಓದಿಸಿ ಕೇಳಿ. ಕೃಷ್ಣನ ಮಾತು ಮುಗಿದು ಕರ್ಣನ ಕಣ್ಣು ತುಂಬುವ ಪದ್ಯಕ್ಕೆ ಬಂದಾಗ ಒಳ್ಳೆಯ ಗಮಕಿ ಆಲಾಪವನ್ನು ಬೆಳೆಸುವುದಿಲ್ಲ; ಧ್ವನಿಯನ್ನು ತಗ್ಗಿಸಿ, ಬಹುಮಟ್ಟಿಗೆ ಮಾತಿನಂತೆಯೇ ಓದಿ, ವ್ಯಾಖ್ಯಾನಕಾರರ ಕಡೆಗೆ ತಿರುಗುತ್ತಾನೆ. ಅವರೂ ಒಂದು ಕ್ಷಣ ಸುಮ್ಮನಿರುತ್ತಾರೆ.