ಅತ್ತೆಯವರಿಗೂ ಒಂದು ವಾರ ರಜೆ

ಅಕ್ಕತಂಗಿಯರೇ, ಬೇಸಿಗೆ ರಜೆ ಬಂತೆಂದರೆ ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಆದರೆ ಅಡುಗೆಮನೆಗೆ ರಜೆ ಎಲ್ಲಿದೆ? ಪರ ಊರಿಗೆ ಹೊರಟರೂ ಸ್ಟೋವ್, ಕುಕ್ಕರ್, ಹಿಟ್ಟಿನ ಡಬ್ಬಿ ನಮ್ಮ ಜೊತೆಗೇ ಹೊರಡುತ್ತವೆ. ಹೊರಗಿನ ಊಟ ನಮಗೆ ನಡೆಯದು. ಹೊತ್ತು ಮುಳುಗುವ ಮುಂಚೆ ಎಲ್ಲರ ಊಟ ಮುಗಿಯಬೇಕು. ಹೀಗಾಗಿ ಊರು ಬದಲಾದರೂ ಒಲೆಯ ಮುಂದೆ ನಿಲ್ಲುವವರು ಬದಲಾಗುವುದಿಲ್ಲ.

ನಮ್ಮ ಅತ್ತೆಯವರಿಗೆ ಅರವತ್ತೆಂಟು ವರ್ಷ. ಜತ್ತದ ನಮ್ಮ ಮನೆಗೆ ಸೊಸೆಯಾಗಿ ಬಂದು ನಲವತ್ತೇಳು ವರ್ಷವಾಯಿತು. ಕಳೆದ ಚಳಿಗಾಲದಲ್ಲಿ ಎರಡು ಸಲ ತಲೆ ತಿರುಗಿ ಬಿದ್ದರು. ಡಾಕ್ಟರರು ಮಾತ್ರೆ ಬರೆದುಕೊಟ್ಟು, ವಿಶ್ರಾಂತಿಯೂ ಬೇಕೆಂದರು. “ನಾ ಕುಂತ್ರ ಮನಿ ನಡೀತೈತೇನ?” ಎಂದು ಅತ್ತೆಯವರು ನಕ್ಕುಬಿಟ್ಟರು. ಮನೆಯಲ್ಲಿದ್ದರೆ ಅವರು ಕೂಡುವವರಲ್ಲ. ಅದಕ್ಕೇ ನಮ್ಮವರು ಮೇ ತಿಂಗಳ ಕೊನೆಯ ವಾರ ಗೋವೆಯ ದಿವಾರ್ ದ್ವೀಪದಲ್ಲಿ ಅಡುಗೆಮನೆ ಇರುವ ಒಂದು ಮನೆ ಬಾಡಿಗೆಗೆ ಹಿಡಿದರು.

ಗೋವೆ ಎಂದೊಡನೆ ಸಮುದ್ರದಂಡೆಯ ಗದ್ದಲ ನೆನಪಾಗುತ್ತದೆ. ದಿವಾರ್ ಹಾಗಲ್ಲ. ಊರಿನವರು ದಿವಾಡಿ ಎನ್ನುವ ಇದು ಮಾಂಡವಿ ನದಿಯೊಳಗಿನ ದ್ವೀಪ. ಕೊಂಕಣ ರೈಲ್ವೆಯ ಹಳಿ ಇದರ ಮೇಲೆಯೇ ಹಾದುಹೋಗುತ್ತದೆ, ಆದರೆ ನಿಲ್ದಾಣವಿಲ್ಲ. ನಾವು ಮಿರಜದಿಂದ ರೈಲಿನಲ್ಲಿ ಹೋಗಿ, ಹಳೆ ಗೋವೆಯ ಕಟ್ಟೆಯಿಂದ ಫೇರಿ ಹತ್ತಿದೆವು. ಕೆಲವೇ ನಿಮಿಷದ ದಾರಿ. ಅಷ್ಟರಲ್ಲೇ ನಾನು ಚೀಟಿ ತೆಗೆದು ಓದಿದೆ: ಬೆಳಗಿನ ಚಹಾ ನಮ್ಮವರದು, ನೀರು ತುಂಬುವುದು ಮಗನದು, ಪಾತ್ರೆ ಮಗಳದು, ಅಡುಗೆ ಸರದಿಯಂತೆ. ಅತ್ತೆಯವರ ಹೆಸರಿನ ಮುಂದೆ ಏನೂ ಇರಲಿಲ್ಲ. ಮಾವನವರು ತಮ್ಮ ಹೆಸರು ಕೇಳಿ ಕನ್ನಡಕ ಸರಿಮಾಡಿಕೊಂಡರು.

ಮೊದಲ ದಿನ ಐದು ಗಂಟೆಗೇ ಎದ್ದು ಅತ್ತೆಯವರು ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದರು. ಅವತ್ತಿನ ಉಪ್ಪಿಟ್ಟು ತಳ ಹತ್ತಿತು. ವಾಸನೆ ಬಂದಾಗೆಲ್ಲ ಅವರು ಬಾಗಿಲವರೆಗೆ ಬಂದು ಹಿಂದಿರುಗುತ್ತಿದ್ದರು. ಮೂರನೆಯ ದಿನ ಕಟ್ಟೆಯ ಮೇಲೆ ಕೂತರು. ಪಕ್ಕದ ಮನೆಯ ಅಜ್ಜಿ ಮಳೆಗಾಲಕ್ಕೆಂದು ಕೋಕಂ ಸಿಪ್ಪೆ ಬಿಸಿಲಿಗೆ ಹಾಕುತ್ತಿದ್ದರು. ಮೇ ಕೊನೆ ಎಂದರೆ ಅಲ್ಲಿ ಮನೆಮನೆಯಲ್ಲೂ ಮಳೆಗಾಲದ ಸಾಮಾನು ಕೂಡಿಡುವ ಕಾಲ. ಅದಕ್ಕೆ ‘ಪುರುಮೆಂತ್’ ಎನ್ನುತ್ತಾರೆ. ಅವರದು ಕೊಂಕಣಿ, ನಮ್ಮ ಅತ್ತೆಯವರದು ಜತ್ತದ ಮರಾಠಿ. ಇಬ್ಬರಿಗೂ ಮಾತು ಸಾಲದೆ ಹೋಗಲಿಲ್ಲ. ಸಿಪ್ಪೆಯನ್ನು ಅದರದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸುವುದನ್ನು ಅತ್ತೆಯವರು ಕಲಿತರು.

ಮಕ್ಕಳು ಖಾಜನ್ ಗದ್ದೆಯ ಕಡೆ ಅಲೆದರು. ಭರತದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿರುವ ಈ ಗದ್ದೆಗಳನ್ನು ಮಣ್ಣಿನ ಒಡ್ಡು ಕಾಯುತ್ತದೆ. ಒಡ್ಡಿನಲ್ಲಿರುವ ಮರದ ಬಾಗಿಲು ಭರತದ ಒತ್ತಡಕ್ಕೆ ತಾನೇ ಮುಚ್ಚಿ, ಇಳಿತಕ್ಕೆ ತಾನೇ ತೆರೆದುಕೊಳ್ಳುತ್ತದೆ. ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಭತ್ತ.

ಒಂದು ಸಂಜೆ ಊಟ ಮುಗಿಸಿ ಪಿಯೇದಾದೆ ಗುಡ್ಡ ಹತ್ತಿದೆವು. ಮೇಲೆ ಚರ್ಚು; ಸುತ್ತ ನದಿ, ಆಚೆ ಹಳೆ ಗೋವೆಯ ಗೋಪುರಗಳು. ಕನ್ನಡದಲ್ಲೂ ಶಾಸನ ಬರೆಸಿದ ಗೋವೆಯ ಕದಂಬರ ಕುಲದೇವರು ಸಪ್ತಕೋಟೀಶ್ವರ ಇದ್ದದ್ದು ಇದೇ ದ್ವೀಪದಲ್ಲಿ. 16ನೆಯ ಶತಮಾನದಲ್ಲಿ ಪೋರ್ತುಗೀಜರು ಆ ಗುಡಿ ಕೆಡವಿದರು. ದೇವರನ್ನು ಹೊಳೆ ದಾಟಿಸಿ ನಾರ್ವೆಗೆ ಒಯ್ದರು; ಅಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ಇದನ್ನೆಲ್ಲ ಕೇಳಿ ಅತ್ತೆಯವರು, “ದೇವರಿಗೇ ಮನಿ ಬಿಡೂದ ಬಂತು. ನನಗ ಏಳ ದಿನ ಏನ ದೊಡ್ಡದು ಬಿಡ್ರಿ” ಎಂದರು.

ಐದನೆಯ ದಿನ ಮಾವನವರ ಸರದಿ. ಒಂದು ಲೋಟ ನೀರನ್ನೂ ತಾವೇ ತೆಗೆದುಕೊಂಡವರಲ್ಲ. ಅಡುಗೆಮನೆಯಿಂದ ಕೂಗಿದರು: “ಅವಲಕ್ಕಿಗೆ ಉಪ್ಪು ಎಷ್ಟ ಹಾಕ್ಲಿ?” ಅತ್ತೆಯವರು ಕೂತಲ್ಲಿಂದಲೇ ಉತ್ತರ ಕೊಟ್ಟರು. ಉಪ್ಪು ಹೆಚ್ಚೇ ಆಗಿತ್ತು. ಅವರು ಒಂದು ಮಾತೂ ಆಡದೆ ತಟ್ಟೆ ಖಾಲಿ ಮಾಡಿದರು.

ಆ ರಾತ್ರಿ ಕಟ್ಟೆಯ ಮೇಲೆ ನಾವಿಬ್ಬರೇ ಇದ್ದೆವು. “ಒಂದು ವರ್ಷದಿಂದ ತಲಿ ತಿರಗತಿತ್ತವಾ. ಹೇಳಿದ್ರ ಮಲಗಸ್ತಿದ್ರಿ. ಮಲಗಿದ್ರ ಅಡಗಿ ಯಾರ ಮಾಡೂದು ಅಂತ ಹೇಳಲಿಲ್ಲ” ಎಂದರು. ನನಗೆ ಮಾತು ಹೊರಡಲಿಲ್ಲ. ಒಂದೇ ಅಡುಗೆಮನೆಯಲ್ಲಿ ದಿನವೂ ಅವರ ಪಕ್ಕದಲ್ಲೇ ನಿಂತಿದ್ದವಳು ನಾನು! ಅವರು ಗೋಡೆ ಹಿಡಿದು ನಿಲ್ಲುವುದನ್ನು ಕಂಡಿದ್ದೆ, ಕೇಳಿರಲಿಲ್ಲ.

ಊರಿಗೆ ಬಂದ ಮೇಲೆ ಮತ್ತೊಮ್ಮೆ ತಪಾಸಣೆ ಮಾಡಿಸಿದೆವು. ರಕ್ತ ಕಡಿಮೆಯಿತ್ತು, ಔಷಧ ನಡೆದಿದೆ. ಭಾನುವಾರ ಬೆಳಗಿನ ಒಲೆ ಈಗ ಗಂಡಸರದು. ಮಾವನವರ ಅವಲಕ್ಕಿಗೆ ಉಪ್ಪು ಹದಕ್ಕೆ ಬಂದಿದೆ.

ಸಹೋದರಿಯರೇ, ಎಲ್ಲರಿಗೂ ದ್ವೀಪಕ್ಕೆ ಹೋಗಲಾಗದು, ಹೋಗಲೇಬೇಕೆಂದೂ ಇಲ್ಲ. ಎಲ್ಲಿಗೇ ಹೋಗಿ, ಹೊರಡುವ ಮುಂಚೆ ಕೆಲಸದ ಚೀಟಿ ಬರೆಯಿರಿ. ನೋಡುವ ಜಾಗಗಳ ಪಟ್ಟಿ ಚಿಕ್ಕದಿರಲಿ. ಮನೆಯ ಹಿರಿಯರ ಪಕ್ಕ ಒಂದು ಸಂಜೆಯಾದರೂ ಸುಮ್ಮನೆ ಕೂಡಿರಿ. ಅವರು ಹೇಳದೆ ಉಳಿಸಿಕೊಂಡ ಮಾತು ಇದ್ದರೂ ಇರಬಹುದು.