ದಂತದ ಬೆಲೆ

‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬುದು ಕನ್ನಡನಾಡಿನ ಹಳೆಯ ನಾಣ್ನುಡಿ. ಆನೆಯ ಹಿರಿಮೆಯನ್ನು ಕೊಂಡಾಡುವ ಈ ಮಾತಿನಲ್ಲಿ ಒಂದು ಕಟುಸತ್ಯವೂ ಅಡಗಿದೆ. ಸತ್ತ ಆನೆಯ ಬೆಲೆ ಅದರ ದಂತದಲ್ಲಿದೆ. ಅದು ಕೆಲವೇ ಮಂದಿಯ ಕೈಸೇರುತ್ತದೆ. ಬದುಕಿರುವ ಆನೆಯ ಬೆಲೆಯಾದರೋ ಇಡೀ ಕಾಡಿಗೆ ಸಲ್ಲುತ್ತದೆ.

ಆನೆಯು ತಿಂದ ಹಣ್ಣುಗಳ ಬೀಜಗಳು ಲದ್ದಿಯೊಡನೆ ತಾಯಿಮರದಿಂದ ಬಹುದೂರದಲ್ಲಿ ಬಿದ್ದು ಮೊಳೆಯುತ್ತವೆ. ಬೇಸಗೆಯಲ್ಲಿ ಬತ್ತಿದ ಹೊಳೆಯ ಮರಳನ್ನು ಬಗೆದು ಅದು ಕಂಡುಕೊಂಡ ನೀರು ಇತರ ಪ್ರಾಣಿಗಳ ದಾಹವನ್ನೂ ತಣಿಸುತ್ತದೆ. ಅದರ ಲದ್ದಿಯನ್ನೇ ನಂಬಿ ಬದುಕುವ ಕೀಟಗಳಿಗೆ ಲೆಕ್ಕವಿಲ್ಲ. ಹೀಗಿರುವಾಗ, ಆನೆಯನ್ನು ಕೊಂದವನು ಒಂದು ಪ್ರಾಣಿಯನ್ನಷ್ಟೇ ಕೊಂದನೆಂದು ಹೇಳಲಾದೀತೇ?

ಏಷ್ಯಾದ ಆನೆಗಳಲ್ಲಿ ನೀಳವಾದ ದಂತಗಳಿರುವುದು ಗಂಡಿಗೆ ಮಾತ್ರ. ಆದುದರಿಂದ ಕಳ್ಳಬೇಟೆಗಾರನ ಗುಂಡು ಗಂಡಾನೆಯನ್ನೇ ಅರಸುತ್ತದೆ. ಕೇರಳದ ಪೆರಿಯಾರ್ ಅರಣ್ಯದಲ್ಲಿ 1980ರ ದಶಕದ ಕೊನೆಯ ವೇಳೆಗೆ ಬೆಳೆದ ಗಂಡಾನೆ ಒಂದಕ್ಕೆ ಹೆಣ್ಣಾನೆಗಳು ಸುಮಾರು 100 ಎಂಬ ದುಃಸ್ಥಿತಿ ಒದಗಿತ್ತು. ಹಿಂಡು ಕಣ್ಣಿಗೆ ದೊಡ್ಡದಾಗಿ ಕಂಡರೂ ಅದರಲ್ಲಿ ಮರಿಗಳು ವಿರಳವಾದವು.

ಆಫ್ರಿಕದಲ್ಲಿ ಈ ಕೇಡು ಮತ್ತೊಂದು ರೂಪವನ್ನು ತಾಳಿತು. ಅಲ್ಲಿ ಹೆಣ್ಣಾನೆಗೂ ದಂತವುಂಟು. ಮೊಜಾಂಬಿಕ್ ದೇಶದಲ್ಲಿ 1977ರಿಂದ 1992ರವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಗೊರೊಂಗೋಸ ವನ್ಯಧಾಮದ ಆನೆಗಳಲ್ಲಿ ಶೇಕಡ 90ರಷ್ಟು ಹತವಾದವು. ಹುಟ್ಟಿನಿಂದಲೇ ದಂತವಿಲ್ಲದ ಹೆಣ್ಣಾನೆಗಳು ಹೆಚ್ಚಾಗಿ ಬದುಕಿ ಉಳಿದವು. ಯುದ್ಧಕ್ಕೆ ಮುನ್ನ ಶೇಕಡ 18ರ ಆಸುಪಾಸಿನಲ್ಲಿದ್ದ ಅಂತಹವುಗಳ ಪ್ರಮಾಣ ಅನಂತರ ಶೇಕಡ 50ನ್ನು ಮೀರಿತು. ಮಾನವನ ದುರಾಸೆಯು ಪ್ರಾಣಿಯೊಂದರ ವಂಶಗುಣವನ್ನೇ ಬದಲಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸಹಜವಾಗಿ ಸತ್ತ ಆನೆಯ ದಂತವನ್ನಾದರೂ ಮಾರಬಾರದೇಕೆ ಎಂದು ಕೆಲವರು ವಾದಿಸುತ್ತಾರೆ. ಮೇಲ್ನೋಟಕ್ಕೆ ಈ ವಾದ ನ್ಯಾಯವಾಗಿಯೇ ತೋರುತ್ತದೆ. ಆದರೆ ಕೆತ್ತಿ ನಯಗೊಳಿಸಿದ ದಂತವನ್ನು ಕಂಡು, ಆನೆ ತಾನಾಗಿ ಸತ್ತಿತೋ ಗುಂಡಿಗೆ ಬಲಿಯಾಯಿತೋ ಎಂದು ಕೊಳ್ಳುವವನು ಹೇಳಲಾರನು. ಸಕ್ರಮ ವ್ಯಾಪಾರದ ಮರೆಯಲ್ಲಿ ಅಕ್ರಮವು ಸುಲಭವಾಗಿ ನುಸುಳುತ್ತದೆ. ಇದನ್ನು ಮನಗಂಡ ಭಾರತವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿಯೂ 1991ರಲ್ಲಿಯೂ ತಿದ್ದುಪಡಿ ತಂದು, ದೇಶೀಯ ಮತ್ತು ಆಮದಾದ ದಂತಗಳೆರಡರ ವ್ಯಾಪಾರವನ್ನೂ ನಿಷೇಧಿಸಿತು. ದಂತದ ದೊಡ್ಡ ಮಾರುಕಟ್ಟೆಯಾಗಿದ್ದ ಚೀನವೂ 2017ರ ಕೊನೆಗೆ ತನ್ನ ದೇಶದೊಳಗಿನ ದಂತವ್ಯಾಪಾರವನ್ನು ನಿಲ್ಲಿಸಿತು.

ದಂತವಿಲ್ಲದೆ ಕಲೆ ಅಳಿಯುವುದೆಂಬ ಭಯವೂ ನಿರಾಧಾರವಾದುದು. ಹಿಂದೆ ಆನೆಯ ದಂತವನ್ನು ಕೂರಿಸಿ ಮಾಡುತ್ತಿದ್ದ ಮೈಸೂರಿನ ಬೀಟೆಮರದ ಕುಸುರಿ ಕೆಲಸ ದಂತವನ್ನು ತೊರೆದು ಇಂದಿಗೂ ಬಾಳಿದೆ. ಕಲೆಯ ಜೀವ ಇರುವುದು ಕುಶಲಕರ್ಮಿಯ ಕೈಯಲ್ಲಿ.

ಭಾರತದ ರಾಜ್ಯಗಳಲ್ಲಿ ಅತಿ ಹೆಚ್ಚು ಆನೆಗಳಿಗೆ ಆಶ್ರಯವಿತ್ತಿರುವುದು ಕರ್ನಾಟಕ. ಬಂಡೀಪುರ, ನಾಗರಹೊಳೆಗಳ ಕಾಡುಗಳನ್ನು ಅರಣ್ಯ ರಕ್ಷಕರು ಹಗಲಿರುಳೂ ಕಾಯುತ್ತಾರೆ. ಆದರೆ ಕಾವಲೊಂದರಿಂದಲೇ ಕಾಡು ಉಳಿಯದು. ಕೊಳ್ಳುವವನಿರುವವರೆಗೆ ಕೊಲ್ಲುವವನೂ ಇರುತ್ತಾನೆ. ಅಲಂಕಾರಕ್ಕಾಗಿ ದಂತವನ್ನು ಬಯಸುವವನು ಕಾಡಿಗೆ ಕಾಲಿಡದಿದ್ದರೂ ಆ ಕೊಲೆಯಲ್ಲಿ ಪಾಲುಗಾರನೇ. ದಂತವು ಆನೆಗೆ ಮಾತ್ರ ಭೂಷಣ ಎಂಬ ಅರಿವು ಜನರಲ್ಲಿ ಮೂಡಿದಂದು ಬೇಟೆಗಾರನ ಕೋವಿ ತಾನಾಗಿಯೇ ಕೆಳಗಿಳಿಯುವುದು.