ಕೈಗೆ ಹಿಮ, ಬಾಯಿಗೆ ಮಾತು



ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 9ರಿಂದ 10 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಶಾಲೆಯ ಅಂಗಳದ ತುಂಬ ಹಿಮ. ಅಲ್ಲಿ ಒಂದು ಬಗೆಯ ಪ್ರಾಥಮಿಕ ತರಗತಿಗಳಿವೆ. ಮಕ್ಕಳ ಮನೆಮಾತು ಇಂಗ್ಲಿಷ್, ತರಗತಿಯ ಮಾತು ಮಾತ್ರ ಫ್ರೆಂಚ್. ಗಣಿತ, ವಿಜ್ಞಾನ, ಹಾಡು, ಆಟ ಎಲ್ಲವೂ ಫ್ರೆಂಚಿನಲ್ಲೇ ನಡೆಯುತ್ತವೆ. ಇದಕ್ಕೆ ‘ಫ್ರೆಂಚ್ ಇಮ್ಮರ್ಶನ್’ ಎಂದು ಹೆಸರು. ಇಮ್ಮರ್ಶನ್ ಎಂದರೆ ಮುಳುಗಿಸುವುದು ಎಂದರ್ಥ.

‘ಮಗುವನ್ನು ಹೊಸ ಭಾಷೆಯಲ್ಲಿ ಮುಳುಗಿಸಿಬಿಡಿ, ತಾನೇ ಈಜು ಕಲಿಯುತ್ತದೆ’ ಎಂಬ ವಾದವನ್ನು ನೀವೂ ಕೇಳಿರಬಹುದು. ನಮ್ಮ ರಾಜ್ಯದಲ್ಲಿ 2019–20ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳು ಆರಂಭವಾದ ಮೇಲೆ ಈ ಪ್ರಶ್ನೆ ನಮ್ಮ ಶಾಲೆಯ ಬಾಗಿಲಿಗೇ ಬಂದಿದೆ. ಆದ್ದರಿಂದ ಆ ಕೆನಡಾದ ತರಗತಿಯೊಳಗೆ ಚಳಿಗಾಲದ ಒಂದು ದಿನ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು.

ಶಿಕ್ಷಕಿ ಒಂದು ಗಾಜಿನ ಜಾಡಿಯ ತುಂಬ ಹೊರಗಿನ ಹಿಮವನ್ನು ತುಂಬಿ ತರುತ್ತಾರೆ. ‘ಇದು ಕರಗಿದರೆ ನೀರು ಎಲ್ಲಿಯವರೆಗೆ ಬರುತ್ತದೆ?’ ಎಂದು ಫ್ರೆಂಚಿನಲ್ಲಿ ಕೇಳುತ್ತಾರೆ. ಹಿಮಕ್ಕೆ ಫ್ರೆಂಚಿನಲ್ಲಿ ‘ನೇಜ್’. ಆ ಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ. ಅದು ಜಾಡಿಯಲ್ಲಿ ಕಾಣುತ್ತಿದೆ, ಕೈಗೆ ತಣ್ಣಗೆ ತಾಗುತ್ತಿದೆ. ಪ್ರತಿ ಮಗುವೂ ತನ್ನ ಊಹೆಯನ್ನು ಜಾಡಿಯ ಮೇಲೆ ಗೆರೆ ಎಳೆದು ಗುರುತಿಸುತ್ತದೆ. ಹೆಚ್ಚಿನವರ ಗೆರೆ ಜಾಡಿಯ ಬಾಯಿಯ ಹತ್ತಿರವೇ ಇರುತ್ತದೆ. ಕೆಲವು ಗಂಟೆಗಳ ನಂತರ ನೋಡಿದರೆ ತಳದಲ್ಲಿ ಒಂದಿಷ್ಟೇ ನೀರು!

ಏಕೆ ಹೀಗೆ? ಹೊಸದಾಗಿ ಬಿದ್ದ ಹಿಮದಲ್ಲಿ ಹೆಚ್ಚಿನ ಪಾಲು ಗಾಳಿ. ಸಾಮಾನ್ಯವಾಗಿ 10 ಸೆಂಟಿಮೀಟರ್ ಎತ್ತರದ ಸಡಿಲ ಹಿಮ ಕರಗಿದರೆ ಸುಮಾರು 1 ಸೆಂಟಿಮೀಟರ್ ನೀರು ಬರುತ್ತದೆ. ಒಣಹಿಮವಾದರೆ ಇನ್ನೂ ಕಡಿಮೆ. ಆ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿದರೆ ಬೆಳ್ಳಗೆ ಕಂಡ ಹಿಮದಲ್ಲೂ ಕೊಳೆ ಇತ್ತೆಂದು ತಿಳಿಯುತ್ತದೆ.

ಇನ್ನೊಂದು ಚಟುವಟಿಕೆ ಉಣ್ಣೆಯ ಕೈಗವಸಿನದು. ಒಂದು ಉಷ್ಣತಾಮಾಪಕವನ್ನು ಕೈಗವಸಿನೊಳಗೆ, ಇನ್ನೊಂದನ್ನು ಅದರ ಪಕ್ಕದಲ್ಲಿ ಇಡುತ್ತಾರೆ. ಒಂದು ಗಂಟೆಯ ನಂತರ ಯಾವುದು ಹೆಚ್ಚು ತೋರಿಸುತ್ತದೆ? ‘ಕೈಗವಸಿನೊಳಗಿನದು’ ಎಂದು ಮಕ್ಕಳು ಖಚಿತವಾಗಿ ಹೇಳುತ್ತಾರೆ. ಎರಡೂ ಒಂದೇ ಉಷ್ಣತೆ ತೋರಿಸಿದಾಗ ತರಗತಿಯಲ್ಲಿ ಗದ್ದಲವೇ ಏಳುತ್ತದೆ. ಉಣ್ಣೆ ಶಾಖವನ್ನು ಹುಟ್ಟಿಸುವುದಿಲ್ಲ. ನಮ್ಮ ಕೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ನೆಲದ ಮೇಲಿನ ದಪ್ಪ ಹಿಮದ ಹೊದಿಕೆಯೂ ಹೀಗೆಯೇ ಕೆಲಸ ಮಾಡುತ್ತದೆ. ಹೊರಗಿನ ಗಾಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದಾಗಲೂ ಹಿಮದ ಅಡಿಯ ನೆಲ ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ. ಅಲ್ಲಿಯ ಇಲಿಗಳು ಚಳಿಗಾಲ ಕಳೆಯುವುದು ಈ ಹಿಮದ ಅಡಿಯಲ್ಲಿಯೇ.

ಇಲ್ಲಿ ಭಾಷೆಯ ಒಂದು ಸ್ವಾರಸ್ಯವನ್ನೂ ಗಮನಿಸಿ. ನಾವು ‘ಬೆಚ್ಚಗೆ’ ಮತ್ತು ‘ಬಿಸಿ’ ಎಂದು ಬೇರೆ ಬೇರೆ ಹೇಳುತ್ತೇವೆ. ಫ್ರೆಂಚಿನ ದಿನಬಳಕೆಯಲ್ಲಿ ಎರಡಕ್ಕೂ ಬಹುಮಟ್ಟಿಗೆ ‘ಶೋ’ ಎಂಬ ಒಂದೇ ಪದ. ಕೈಗವಸೂ ಶೋ, ಒಲೆಯೂ ಶೋ ಎಂದರೆ ಅವೆರಡರ ವ್ಯತ್ಯಾಸ ಮಗುವಿಗೆ ಹೇಗೆ ತಿಳಿಯಬೇಕು? ಉಷ್ಣತಾಮಾಪಕವನ್ನು ಇಟ್ಟು ನೋಡಿದಾಗ ತಿಳಿಯುತ್ತದೆ. ಪದ ಎಲ್ಲಿ ಸಾಲದೋ ಅಲ್ಲಿ ಪ್ರಯೋಗ ನೆರವಿಗೆ ಬರುತ್ತದೆ.

ಈ ತರಗತಿಗಳು ಹುಟ್ಟಿದ್ದು ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ, 1965ರಲ್ಲಿ. ಫ್ರೆಂಚ್ ಬಹುಸಂಖ್ಯಾತರ ಪ್ರಾಂತ್ಯದಲ್ಲಿ ತಮ್ಮ ಮಕ್ಕಳಿಗೆ ಫ್ರೆಂಚ್ ಸರಿಯಾಗಿ ಬರುತ್ತಿಲ್ಲವೆಂದು ಇಂಗ್ಲಿಷ್ ಮನೆಮಾತಿನ ಪೋಷಕರೇ ಒತ್ತಾಯಿಸಿ ಇದನ್ನು ಆರಂಭಿಸಿದರು. ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ರಿಚರ್ಡ್ ಟಕರ್ ಆ ಮಕ್ಕಳನ್ನು ವರ್ಷಗಳ ಕಾಲ ಪರೀಕ್ಷಿಸಿ 1972ರಲ್ಲಿ ಪುಸ್ತಕ ಪ್ರಕಟಿಸಿದರು. ಮಕ್ಕಳು ಗಣಿತದಲ್ಲಿ ಹಿಂದೆ ಬೀಳಲಿಲ್ಲ. ಇಂಗ್ಲಿಷ್ ಓದಿನಲ್ಲಿ ಮೊದಲು ಸ್ವಲ್ಪ ಹಿಂದಿದ್ದರೂ ಆಮೇಲೆ ಸರಿಹೋದರು. ಫ್ರೆಂಚನ್ನು ಒಂದು ಪಾಠವಾಗಿ ಮಾತ್ರ ಕಲಿತವರಿಗಿಂತ ಬಹಳ ಚೆನ್ನಾಗಿ ಕಲಿತರು.

ಆದರೆ ಮುಂದಿನ ಸಂಶೋಧನೆ ಒಂದು ಕೊರತೆಯನ್ನೂ ತೋರಿಸಿತು. ಈ ಮಕ್ಕಳು ಫ್ರೆಂಚನ್ನು ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಬಹಳ ಮುಂದಿದ್ದರು. ಮಾತನಾಡುವಾಗ, ಬರೆಯುವಾಗ ಮಾತ್ರ ಎಡವುತ್ತಿದ್ದರು. ಕಾರಣವೇನೆಂದು ಮೆರಿಲ್ ಸ್ವೇನ್ ಎಂಬ ವಿದ್ವಾಂಸೆ 1985ರಲ್ಲಿ ವಿವರಿಸಿದರು: ತರಗತಿಯಲ್ಲಿ ಮಕ್ಕಳು ಕೇಳುವುದೇ ಹೆಚ್ಚು, ಆಡುವುದು ಕಡಿಮೆ. ಭಾಷೆ ಗಟ್ಟಿಯಾಗಬೇಕಾದರೆ ಮಗು ತಾನೇ ವಾಕ್ಯ ಕಟ್ಟಬೇಕು.

ಹಿಮದ ಜಾಡಿಯ ಬೆಲೆ ತಿಳಿಯುವುದು ಇಲ್ಲಿ. ‘ಜ ಪಾಂಸ್ ಕ’ ಎಂದರೆ ‘ನನಗೆ ಅನ್ನಿಸುತ್ತದೆ’. ‘ಪಾರ್ಸ್ ಕ’ ಎಂದರೆ ‘ಏಕೆಂದರೆ’. ಇಂಥ ಎರಡು ನುಡಿಗಟ್ಟುಗಳನ್ನು ಗೋಡೆಯ ಮೇಲೆ ಬರೆದು ಹಾಕಿದರೆ ತನ್ನ ಗೆರೆಯನ್ನು ಸಮರ್ಥಿಸಿಕೊಳ್ಳಲು ಮಗು ಬಾಯಿ ತೆರೆಯಲೇಬೇಕು. ಹೇಳುವುದಕ್ಕೆ ಏನಾದರೂ ಇದ್ದಾಗ ಮಗು ಮಾತು ಹುಡುಕುತ್ತದೆ. ಪಠ್ಯವನ್ನು ಒಟ್ಟಾಗಿ ಕೂಗಿ ಒಪ್ಪಿಸುವಾಗ ಹೇಳುವುದಕ್ಕೆ ಏನೂ ಇರುವುದಿಲ್ಲ.

ಇನ್ನೊಂದು ಮುಖ್ಯ ಸಂಗತಿ ಇದೆ. ಮೊದಲ ವರ್ಷ ಆ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಶಿಕ್ಷಕಿ ಗದರಿಸುವುದಿಲ್ಲ. ಅವರಿಗೆ ಎರಡೂ ಭಾಷೆ ಬರುತ್ತದೆ. ಮಗು ಹೇಳಿದ್ದನ್ನು ಅರ್ಥ ಮಾಡಿಕೊಂಡು, ಅದನ್ನೇ ಫ್ರೆಂಚಿನಲ್ಲಿ ತಿರುಗಿ ಹೇಳಿ ಮುಂದುವರಿಯುತ್ತಾರೆ. ಆಮೇಲಿನ ತರಗತಿಗಳಲ್ಲಿ ಇಂಗ್ಲಿಷ್ ಓದು-ಬರಹವನ್ನೂ ಶಾಲೆಯೇ ಕಲಿಸುತ್ತದೆ. ಮಗುವಿನ ಮನೆಮಾತಿಗೆ ಅಲ್ಲಿ ಯಾವ ಕುಂದೂ ಇಲ್ಲ. ಲ್ಯಾಂಬರ್ಟ್ ಇದನ್ನು ಕೂಡುವ ಲೆಕ್ಕ ಎಂದರು: ಮೊದಲಿನ ಭಾಷೆಯ ಮೇಲೆ ಇನ್ನೊಂದು ಸೇರುತ್ತದೆ. ಮನೆಮಾತನ್ನು ಅಳಿಸಿ ಇನ್ನೊಂದನ್ನು ಹೇರಿದರೆ ಅದು ಕಳೆಯುವ ಲೆಕ್ಕ.

ಕಳೆಯುವ ಲೆಕ್ಕಕ್ಕೆ ಉದಾಹರಣೆಯೂ ಅದೇ ಕೆನಡಾದಲ್ಲಿದೆ. ಅಲ್ಲಿನ ಮೂಲನಿವಾಸಿಗಳ ಸುಮಾರು 1,50,000 ಮಕ್ಕಳನ್ನು ನೂರಕ್ಕೂ ಹೆಚ್ಚು ವರ್ಷಗಳ ಕಾಲ ವಸತಿ ಶಾಲೆಗಳಿಗೆ ಸೇರಿಸಲಾಯಿತು. ತಮ್ಮ ಭಾಷೆ ಆಡಿದ್ದಕ್ಕೆ ಆ ಮಕ್ಕಳು ಶಿಕ್ಷೆ ಅನುಭವಿಸಿದರು. ಈ ಶಾಲೆಗಳಲ್ಲಿ ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. 2015ರಲ್ಲಿ ಅಲ್ಲಿನ ಸತ್ಯ ಮತ್ತು ಸಂಧಾನ ಆಯೋಗ ಈ ಕಥೆಯನ್ನೆಲ್ಲ ದಾಖಲಿಸಿತು. ಆ ಮಕ್ಕಳನ್ನೂ ಹೊಸ ಭಾಷೆಯಲ್ಲಿ ಮುಳುಗಿಸಿದ್ದರು. ಆದರೆ ಅವರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳುವವರು ದಡದಲ್ಲಿ ಇರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮಗುವಿಗೆ ಇಂಗ್ಲಿಷ್ ಬರಲಿ ಎಂಬ ಪೋಷಕರ ಆಸೆ ತಪ್ಪಲ್ಲ. ಆದರೆ ಮಾಧ್ಯಮದ ಹೆಸರು ಬದಲಾಯಿಸಿದ ಮಾತ್ರಕ್ಕೆ ಭಾಷೆ ಬರುವುದಿಲ್ಲ. ಎರಡು ಭಾಷೆ ಬಲ್ಲ ಶಿಕ್ಷಕರು, ಮನೆಮಾತಿಗೆ ಮರ್ಯಾದೆ, ಮಗು ಬಾಯಿ ತೆರೆಯಲೇಬೇಕಾದ ಚಟುವಟಿಕೆ – ಈ ಮೂರೂ ಇಲ್ಲದ ಆಂಗ್ಲ ಮಾಧ್ಯಮ ತರಗತಿಯನ್ನು ಕೆನಡಾದ ಹೆಸರು ಹೇಳಿ ಸಮರ್ಥಿಸುವುದು ಸರಿಯಲ್ಲ. ಇದೇ ಮಾತು ನಮ್ಮ ಕನ್ನಡ ಮಾಧ್ಯಮ ತರಗತಿಗಳಿಗೂ ಅನ್ವಯಿಸುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು, ಕೊಂಕಣಿ ಆಡುವ ಮಗು ನಿಮ್ಮ ಮುಂದೆ ಕುಳಿತಿದ್ದರೆ ಅದಕ್ಕೆ ಕನ್ನಡವೇ ಇಮ್ಮರ್ಶನ್. ಅದು ಸುಮ್ಮನೆ ಕುಳಿತಿದ್ದರೆ ದಡ್ಡ ಮಗು ಎಂದುಕೊಳ್ಳಬೇಡಿ.

ನಮ್ಮಲ್ಲಿ ಹಿಮವಿಲ್ಲ, ಏನು ಮಾಡೋಣ ಎನ್ನುವಿರಾ? ಕೊಬ್ಬರಿ ಎಣ್ಣೆ ಇದೆಯಲ್ಲ! ಒಳನಾಡಿನ ಊರುಗಳಲ್ಲಿ ಡಿಸೆಂಬರ್–ಜನವರಿಯ ಬೆಳಗ್ಗೆ ಅದು ಬಾಟಲಿಯಲ್ಲಿ ಗಟ್ಟಿಯಾಗಿರುತ್ತದೆ. ಅದು ಕರಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ಪುಟ್ಟ ಸೀಸೆಯಲ್ಲಿ ಕೊಬ್ಬರಿ ಎಣ್ಣೆ, ಇನ್ನೊಂದರಲ್ಲಿ ಕಡಲೆಕಾಯಿ ಎಣ್ಣೆ ಹಾಕಿ ರಾತ್ರಿ ಹೊರಗಿಡಿ. ಬೆಳಗ್ಗೆ ಮೊದಲನೆಯದು ಗಟ್ಟಿ, ಎರಡನೆಯದು ದ್ರವ. ಕೊಬ್ಬರಿ ಎಣ್ಣೆಯನ್ನು ಬಿಸಿಲಲ್ಲಿಟ್ಟು ಅರ್ಧ ಕರಗಿಸಿ. ಗಟ್ಟಿ ಎಣ್ಣೆ ದ್ರವ ಎಣ್ಣೆಯಲ್ಲಿ ತಳಕ್ಕೆ ಇಳಿಯುತ್ತದೆ. ಮಂಜುಗಡ್ಡೆಯಾದರೋ ನೀರಿನಲ್ಲಿ ತೇಲುತ್ತದೆ. ಏಕಿರಬಹುದೆಂದು ಕೇಳಿ. ಮಂಜುಗಡ್ಡೆಯ ಎರಡು ಸಮ ಚೂರುಗಳಲ್ಲಿ ಒಂದನ್ನು ಕಂಬಳಿಯಲ್ಲಿ ಸುತ್ತಿಡಿ, ಇನ್ನೊಂದನ್ನು ಹಾಗೆಯೇ ಬಿಡಿ. ಕಂಬಳಿ ‘ಬೆಚ್ಚಗೆ’ ಇರುವುದರಿಂದ ಅದರೊಳಗಿನದು ಬೇಗ ಕರಗುತ್ತದೆಂದು ಹೆಚ್ಚಿನ ಮಕ್ಕಳು ಹೇಳಬಹುದು. ಬಿಚ್ಚಿ ನೋಡುವವರೆಗೆ ಉತ್ತರ ಹೇಳಬೇಡಿ.

ಪ್ರತಿ ಮಗುವೂ ಮೊದಲು ತನ್ನ ಮನೆಮಾತಿನಲ್ಲಿ ಊಹೆ ಹೇಳಲಿ. ‘ಕರಗು’, ‘ಹೆಪ್ಪುಗಟ್ಟು’ ಎಂಬುದಕ್ಕೆ ಅದರ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿ, ಆ ಪದವನ್ನೂ ಕರಿಹಲಗೆಯ ಮೇಲೆ ಕನ್ನಡ ಅಕ್ಷರದಲ್ಲಿ ಬರೆಯಿರಿ. ನಂತರ ‘ನನಗೆ ಅನ್ನಿಸುತ್ತದೆ… ಏಕೆಂದರೆ…’ ಎಂದು ಕನ್ನಡದಲ್ಲಿ ಹೇಳಿಸಿ. ಆಂಗ್ಲ ಮಾಧ್ಯಮ ವಿಭಾಗವಾದರೆ ಅದೇ ವಾಕ್ಯವನ್ನು ಮೂರನೆಯ ಸಲ ಇಂಗ್ಲಿಷಿನಲ್ಲಿ ಹೇಳಿಸಿ. ಇದಕ್ಕೆ ಬೇಕಾದದ್ದು ಎರಡು ಸೀಸೆ ಎಣ್ಣೆ, ಒಂದು ಕಂಬಳಿ, ಎರಡು ಚೂರು ಮಂಜುಗಡ್ಡೆ. ಈ ಚಳಿಗಾಲ ಮುಗಿಯುವ ಮುನ್ನ ಒಮ್ಮೆ ಮಾಡಿ ನೋಡಿ. ಇಡೀ ವರ್ಷ ಬಾಯಿ ಬಿಡದ ಮಗು ಅಂದು ಏನು ಹೇಳಿತೆಂದು ಬರೆದಿಟ್ಟುಕೊಳ್ಳಿ.